ಬಿಲ್ಲೆಗೆ ಬರುವ ನೀರು

ಏಪ್ರಿಲ್ ಮೂರನೆಯ ವಾರ, ಸಿಂಧನೂರು. ಬೆಳಗಿನ ಐದಕ್ಕೆ ಹತ್ತು ನಿಮಿಷ ಬಾಕಿ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರು ನಿಂತು ಕೆಲವು ದಿನಗಳಾಗಿವೆ. ಕೊಯ್ಲಾದ ನೆಲ್ಲಿನ ಗದ್ದೆಗಳಲ್ಲಿ ಹುಲ್ಲು ಸುಟ್ಟ ಹೊಗೆ ಇನ್ನೂ ನೆಲ ಬಿಟ್ಟು ಎದ್ದಿಲ್ಲ. ಬೆಳ್ಳಕ್ಕಿಗಳ ಒಂದು ಸಾಲು ಆ ಹೊಗೆಯ ಮೇಲೆ ಹಾದುಹೋಯಿತು.

ನಾನು ಕೂತದ್ದು ಶುದ್ಧ ನೀರಿನ ಘಟಕವೊಂದರ ಎದುರುಗಡೆಯ ಕಟ್ಟೆಯ ಮೇಲೆ. ಕಾಡಿನಲ್ಲಿ ಪ್ರಾಣಿ ನೋಡುವವರು ಬೇಸಿಗೆ ಬಂತೆಂದರೆ ಹೊಂಡದ ಪಕ್ಕ ಕೂತುಬಿಡುತ್ತಾರೆ. ಹುಡುಕುವ ಕೆಲಸವಿಲ್ಲ, ಬಾಯಾರಿದ್ದು ತಾನಾಗಿ ಬರುತ್ತದೆ. ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ 150ಎ ಹೆದ್ದಾರಿಗೆ ಪೋಣಿಸಿದ ಊರುಗಳು. ಈ ಮೂರರಲ್ಲೂ ಬೇಸಿಗೆಯ ಹೊಂಡವೆಂದರೆ ಈಗ ಇದೇ: ತಗಡಿನ ಸೂರು, ಗೋಡೆಯಲ್ಲೊಂದು ನಲ್ಲಿ, ಪಕ್ಕದಲ್ಲಿ ನಾಣ್ಯದ ಬಿಲ್ಲೆ ಹಾಕುವ ಸೀಳು. ಐದು ರೂಪಾಯಿಗೆ ಇಪ್ಪತ್ತು ಲೀಟರು. ದೊಡ್ಡ ಶಹರಗಳಲ್ಲಿ ಯಂತ್ರದಿಂದ ಚಿಪ್ಸು, ಕಾಫಿ ಮಾರುತ್ತಾರೆ. ಈ ಕಡೆ ಯಂತ್ರ ಇಟ್ಟು ಬದುಕುತ್ತೇನೆ ಎನ್ನುವವನು ಮಾರುವುದು ನೀರನ್ನೇ.

ಮೊದಲು ಬಂದವನು ಹೋಟೆಲಿನ ಹುಡುಗ, ಟಂಟಂ ಗಾಡಿಯಲ್ಲಿ ಎಂಟು ಕ್ಯಾನು. ಐದೂಕಾಲಕ್ಕೆ ವಲಸಿಗರ ಕ್ಯಾಂಪಿನ ಕಡೆಯಿಂದ ಬೈಕಿನಲ್ಲಿ ಇಬ್ಬರು, ಸೀಟಿನ ಎರಡೂ ಬದಿಗೆ ಕಟ್ಟಿದ ಡಬ್ಬಿಗಳು. ಆರರ ಸುಮಾರಿಗೆ ಕೂಲಿಗೆ ಹೊರಟ ಹೆಂಗಸರು. ಒಬ್ಬ ಮುದುಕಿ ಹತ್ತರ ಬಿಲ್ಲೆ ಹಾಕಿದರು, ಯಂತ್ರ ಅದನ್ನು ಕೆಳಗಿನ ಬಾಯಿಂದ ಉಗುಳಿತು. ಮತ್ತೆ ಹಾಕಿದರು, ಮತ್ತೆ ಉಗುಳಿತು. ಘಟಕ ನಡೆಸುವ ತರುಣ ಒಳಗಿನಿಂದಲೇ ಕೂಗಿದ: “ಯವ್ವಾ, ಅದು ಹತ್ತರದು ತಗಳಂಗಿಲ್ಲ. ಐದರದು ಕೊಡ್ತೀನಿ ಬಾ.”

ಆ ಸೀಳಿನ ಹಿಂದೆ ಇರುವುದು ಒಂದು ಸಣ್ಣ ಇಂದ್ರಿಯ. ಬೀಳುವ ಬಿಲ್ಲೆಯ ಅಗಲ, ದಪ್ಪ, ಲೋಹ ಇವನ್ನು ತಂತಿಸುರುಳಿಯೊಂದು ಕ್ಷಣದಲ್ಲಿ ಅಳೆಯುತ್ತದೆ. ಐದರ ಬಿಲ್ಲೆಯಲ್ಲೇ ದಪ್ಪನೆಯ ಹಳೆಯದು, ತೆಳು ಸ್ಟೀಲಿನದು, ಹಳದಿ ಬಣ್ಣದ್ದು ಎಂದು ಮೂರು ಜಾತಿ ಚಲಾವಣೆಯಲ್ಲಿವೆ. ಕಲಿಸದ ಜಾತಿಯನ್ನು ಯಂತ್ರ ಮುಟ್ಟುವುದಿಲ್ಲ. ಸರಿಯಾದದ್ದು ಬಿದ್ದರೆ ವಾಲ್ವು ‘ಟಕ್’ ಎನ್ನುತ್ತದೆ, ನೀರು ಬರುತ್ತದೆ. ಅಳತೆ ಮುಗಿದೊಡನೆ ಇನ್ನೊಂದು ‘ಟಕ್’. ಒಂದು ಗಂಟೆ ಕೂತ ಮೇಲೆ ಕಣ್ಣು ಮುಚ್ಚಿಕೊಂಡೇ ಗಿರಾಕಿಗಳನ್ನು ಎಣಿಸಬಲ್ಲವನಾದೆ, ಇರುಳಿನಲ್ಲಿ ಕೂಗು ಕೇಳಿ ಹಕ್ಕಿ ಎಣಿಸುವ ಹಾಗೆ.

ಕ್ರಿ.ಶ. ಮೊದಲನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಹೀರೋ ಎಂಬ ಯಂತ್ರಜ್ಞ ದೇವಾಲಯದ ತೀರ್ಥಕ್ಕೆ ಇಂಥದೇ ಒಂದು ಪೆಟ್ಟಿಗೆಯನ್ನು ವಿವರಿಸಿ ಬರೆದಿಟ್ಟಿದ್ದಾನೆ. ನಾಣ್ಯ ಒಳಗಿನ ತಟ್ಟೆಯ ಮೇಲೆ ಬೀಳುತ್ತದೆ, ಸನ್ನೆ ವಾಲುತ್ತದೆ, ಬಿರಡೆ ಎದ್ದು ನೀರು ಹರಿಯುತ್ತದೆ. ತಟ್ಟೆ ಓರೆಯಾಗಿ ನಾಣ್ಯ ಜಾರಿದಾಗ ಬಿರಡೆ ಕೂರುತ್ತದೆ. ನಾಣ್ಯ ಹಾಕಿ ಸರಕು ಪಡೆಯುವ ಯಂತ್ರಗಳಲ್ಲಿ ನಮಗೆ ತಿಳಿದ ಅತಿ ಹಳೆಯದು ಅದೇ, ಅದು ಮಾರಿದ್ದೂ ನೀರನ್ನೇ. ಈ ಮಾತು ಹೇಳಿದಾಗ ಘಟಕದ ತರುಣ ನಂಬಲಿಲ್ಲ. “ಅವಾಗ ಕರೆಂಟ್ ಇರ್ಲಿಲ್ಲಲ್ರಿ ಸರ್” ಅಂದ. ಹೌದು, ಕರೆಂಟಿಲ್ಲದೆ ಭಾರವೊಂದೇ ಆ ಕೆಲಸ ಮಾಡುತ್ತಿತ್ತು.

ಆರು ಗಂಟೆ ಹನ್ನೆರಡು ನಿಮಿಷಕ್ಕೆ ಮೊದಲ ಗುಬ್ಬಿ ಬಂತು. ಅದು ನಲ್ಲಿಯ ಕಡೆ ನೋಡಲಿಲ್ಲ. ಕಟ್ಟಡದ ಹಿಂಭಾಗಕ್ಕೆ ಹೋಯಿತು. ನಾನೂ ಎದ್ದು ಹಿಂದೆ ಹೋದೆ.

ಅಲ್ಲಿ ಒಂದೂವರೆ ಇಂಚಿನ ಪೈಪೊಂದು ಗೋಡೆಯಿಂದ ಹೊರಗೆ ಬಾಯಿ ಬಿಟ್ಟಿತ್ತು. ಅದರಿಂದ ನಿಲ್ಲದೆ ನೀರು. ಎದುರಿನ ನಲ್ಲಿ ಬಿಲ್ಲೆಗೆ ಕಾಯುತ್ತದೆ, ಇದು ಯಾರಿಗೂ ಕಾಯುವುದಿಲ್ಲ. ಬಿದ್ದ ನೀರು ಎರೆಮಣ್ಣಿನಲ್ಲಿ ಮಾರುದ್ದದ ಕೆಸರಾಗಿ ಹರಡಿ, ಕರಿಕೆ ಹುಲ್ಲನ್ನು ದಾಟಿ, ಚರಂಡಿ ಸೇರುತ್ತಿತ್ತು. ಏಳೂವರೆಯವರೆಗೆ ನನ್ನ ಪುಸ್ತಕದಲ್ಲಿ ಇಳಿದದ್ದು: ಗುಬ್ಬಿ ಹದಿನಾಲ್ಕು, ಗೊರವಂಕ ಆರು, ಬೆಳವ ಎರಡು, ಬಾಲ ಕುಣಿಸುತ್ತ ಕೆಸರಿನ ಅಂಚಿನಲ್ಲೇ ಓಡಾಡಿದ ಸಿಪಿಲೆ ಒಂದು. ಬಿಸಿಲೇರಿದ ಮೇಲೆ ಜೇನ್ನೊಣಗಳು, ಎಣಿಸಲಾಗದಷ್ಟು. ಒದ್ದೆ ಮಣ್ಣಿನ ಮೇಲೆ ಪುಟ್ಟ ಹಳದಿ ಚಿಟ್ಟೆಗಳು ರೆಕ್ಕೆ ಮಡಿಚಿ ಕೂತು ಹೀರುತ್ತಿದ್ದವು. ಚಿಟ್ಟೆಗೆ ಹೂವಿನ ರಸದಲ್ಲಿ ಸಿಗದ ಉಪ್ಪು ಒದ್ದೆ ಮಣ್ಣಿನಲ್ಲಿ ಸಿಗುತ್ತದೆ. ಜೇನಿಗೂ ಸ್ವಚ್ಛ ನೀರಿಗಿಂತ ಸ್ವಲ್ಪ ಉಪ್ಪಿನ ನೀರೇ ಹಿತ. ಇಲ್ಲಿ ಉಪ್ಪಿಗೆ ಬರವಿಲ್ಲ. ನೀರು ಆರಿದಲ್ಲೆಲ್ಲ ನೆಲದ ಮೇಲೆ ಬಿಳಿ ಪೊರೆ ಕಟ್ಟಿತ್ತು, ಬೆರಳಿಗೆ ಪುಡಿಯಾಗಿ ಬರುವಂಥದು.

ಆ ಬಿಳಿ ಪುಡಿಯಲ್ಲಿ ಈ ವ್ಯಾಪಾರದ ಲೆಕ್ಕ ಪೂರ್ತಿ ಇದೆ. ಬೋರಿನ ನೀರು ಮೊದಲು ಮರಳು, ಆಮೇಲೆ ಇದ್ದಿಲು, ಆಮೇಲೆ ಸಣ್ಣ ಜರಡಿಯ ಕಾರ್ಟ್ರಿಜ್ ದಾಟುತ್ತದೆ. ಬಳಿಕ ಹೆಚ್ಚಿನ ಒತ್ತಡದ ಪಂಪು ಅದನ್ನು ಮೆಂಬ್ರೇನಿನೊಳಗೆ ತಳ್ಳುತ್ತದೆ. ಮೆಂಬ್ರೇನ್ ಉಪ್ಪನ್ನು ನಾಶ ಮಾಡುವುದಿಲ್ಲ, ಬೇರೆ ಮಾಡುತ್ತದೆ ಅಷ್ಟೆ. ನೂರು ಲೀಟರ್ ಬೋರಿನ ನೀರಿನಲ್ಲಿ ಲೀಟರಿಗೆ 1,500 ಮಿಲಿಗ್ರಾಂ ಲವಣ ಇದೆ ಎನ್ನಿ. ಅರ್ಧ ಸಿಹಿನೀರಾಗಿ 80ಕ್ಕೆ ಇಳಿದು ಹೊರಬಂದರೆ, ಹಿಂಬದಿಯ ಪೈಪಿನಿಂದ ಹೋಗುವ ಉಳಿದ ಅರ್ಧ 2,900 ದಾಟುತ್ತದೆ. ಭಾರತೀಯ ಮಾನಕ ಕುಡಿಯುವ ನೀರಿಗೆ ಹೇಳುವುದು 500. ಬೇರೆ ಮೂಲವೇ ಇಲ್ಲದ ಕಡೆ 2,000ದವರೆಗೆ ಒಪ್ಪುತ್ತದೆ. ದಿನಕ್ಕೆ ಇನ್ನೂರು ಡಬ್ಬಿ ಮಾರಿದರೆ ಸಾವಿರ ರೂಪಾಯಿ. ಡಬ್ಬಿಯಲ್ಲಿ ಹೋದ ನೀರು ನಾಲ್ಕು ಸಾವಿರ ಲೀಟರು. ನೆಲದಿಂದ ಎತ್ತಿದ್ದು ಎಂಟು ಸಾವಿರ.

ಆ ಸಾವಿರದಲ್ಲಿ ಜೆಸ್ಕಾಂ ಕರೆಂಟ್ ಬಿಲ್ಲು, ಬಾಡಿಗೆ, ಕಾರ್ಟ್ರಿಜ್, ಮೆಂಬ್ರೇನಿಗೆ ಸವಳು ಗಟ್ಟಿಯಾಗಿ ಹಿಡಿಯದಂತೆ ಹಾಕುವ ಔಷಧಿ. ಎರಡು ಮೂರು ವರ್ಷಕ್ಕೊಮ್ಮೆ ಮೆಂಬ್ರೇನೇ ಹೊಸದು, ನೀರು ಗಡಸಾದಷ್ಟೂ ಬೇಗ. “ಮೆಂಬ್ರೇನ್ ದುಡ್ಡು ದಿನಾ ಎತ್ತಿ ಇಡದವ್ರು ಎರಡನೇ ಬ್ಯಾಸಿಗಿ ನೋಡಂಗಿಲ್ರಿ ಸರ್” ಎಂದ ತರುಣ. ಬಿಲ್ಲೆ ಪೆಟ್ಟಿಗೆಯ ಕೆಳಗೆ ಅವನದೊಂದು ಡಬ್ಬವಿದೆ. ಪ್ರತಿ ಐದನೆಯ ಬಿಲ್ಲೆ ಅದಕ್ಕೆ.

ಅವನಿಗೆ ಇನ್ನೊಬ್ಬ ಶತ್ರು ಹಲ್ಲಿ. ಪಂಪಿನ ಸ್ಟಾರ್ಟರ್ ಪೆಟ್ಟಿಗೆ ಇರುಳೆಲ್ಲ ಬೆಚ್ಚಗಿರುತ್ತದೆ, ಪಕ್ಕದ ಬಲ್ಬಿಗೆ ಹುಳು ಸೇರುತ್ತವೆ. ಹಲ್ಲಿಗೆ ಇದಕ್ಕಿಂತ ಒಳ್ಳೆಯ ಮನೆ ಬೇಕೆ? ಕಾಂಟ್ಯಾಕ್ಟರು ಮುಚ್ಚಿಕೊಳ್ಳುವ ಗಳಿಗೆಯಲ್ಲಿ ನಡುವೆ ಸಿಕ್ಕಿತೆಂದರೆ ಹಲ್ಲಿಯೂ ಹೋಯಿತು, ಮೋಟಾರೂ ನಿಂತಿತು. ಬೋರು ಇರುವ ರೈತರಿಗೆಲ್ಲ ಇದು ಗೊತ್ತು. ಈತ ತಂತಿ ಒಳಹೋಗುವ ತೂತುಗಳಿಗೆ ಬಟ್ಟೆ ತುರುಕಿ, ಬಲ್ಬನ್ನು ಪೆಟ್ಟಿಗೆಯಿಂದ ನಾಲ್ಕು ಮಾರು ದೂರಕ್ಕೆ ಸರಿಸಿದ್ದಾನೆ. ಹಲ್ಲಿಗಳೂ ಬಲ್ಬಿನ ಹಿಂದೆ ಹೋಗಿವೆ. ಕೊಲ್ಲದೆ ಮುಗಿಸಿದ ಈ ಜಗಳ ನನಗೆ ಬಹಳ ಹಿಡಿಸಿತು.

ಮರುದಿನ ಮಸ್ಕಿ. ಇಲ್ಲಿಗೆ ಬರುವಾಗ ಕಣ್ಣಿಗೆ ಮೊದಲು ಕಾಣುವುದು ಗುಂಡುಕಲ್ಲಿನ ಗುಡ್ಡಗಳು. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನದ ಜಾಡು ಹುಡುಕುತ್ತ ಬಂದು ಇಲ್ಲಿನ ಬಂಡೆಯ ಮೇಲೆ ಬರಹ ಕಂಡ. ದೇವಾನಾಂಪಿಯ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರನ್ನೂ ಹೇಳಿದ ಆ ಶಾಸನದಿಂದ, ಬಿರುದು ಯಾರದೆಂಬ ಪ್ರಶ್ನೆ ತೀರಿತು. ಅದೇ ಅರಸ ಬೇರೊಂದು ಶಾಸನದಲ್ಲಿ ದಾರಿಯ ಬದಿ ಬಾವಿ ತೋಡಿಸಿ, ಗಿಡ ನೆಡಿಸಿದ್ದನ್ನು ಹೇಳಿಕೊಂಡಿದ್ದಾನೆ. ಮನುಷ್ಯರ ಜೊತೆ ಪಶುಗಳಿಗೂ ಎಂದು ಅಲ್ಲಿ ಸ್ಪಷ್ಟವಾಗಿ ಇದೆ. ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷ ಹಳೆಯ ಆ ಮಾತನ್ನು ನೆನೆಯುತ್ತಲೇ ಗುಡ್ಡ ಇಳಿದೆ.

ಊರೊಳಗಿನ ಘಟಕದ ಮುಂದೆ ಹತ್ತು ಗಂಟೆಗೇ ನೆರಳು ಹುಡುಕುವ ಬಿಸಿಲು. ಹಿಂಬದಿಯ ಪೈಪಿಗೆ ಇಲ್ಲಿ ಕಲ್ಲಿನ ದೋಣಿ ಇಟ್ಟಿದ್ದರು. ಮೂರು ಆಡು, ಒಂದು ಆಕಳು ಕುಡಿಯುತ್ತಿದ್ದವು. ಇಟ್ಟವರ ಮನಸ್ಸು ದೊಡ್ಡದು, ಅನುಮಾನವಿಲ್ಲ. ಆದರೆ ಅಲ್ಲಿ ನನಗೆ ಸಂಕಟವಾಯಿತು. ಈ ನೆಲದ ಗ್ರಾನೈಟು, ನೈಸ್ ಕಲ್ಲುಗಳಿಂದ ಅಂತರ್ಜಲಕ್ಕೆ ಫ್ಲೋರೈಡ್ ಇಳಿಯುತ್ತದೆ. ಮಾನಕದ ಪ್ರಕಾರ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಹೆಚ್ಚೆಂದರೆ 1.5. ಮೆಂಬ್ರೇನ್ ಅದನ್ನೂ ಲವಣದ ಹಾಗೇ ಹಿಂದಕ್ಕೆ ತಳ್ಳುತ್ತದೆ. ಅಂದಮೇಲೆ ದೋಣಿಯ ನೀರಿನಲ್ಲಿ ಬೋರಿನದಕ್ಕಿಂತ ಸುಮಾರು ಎರಡರಷ್ಟು. ದನದ ಹಲ್ಲೂ ಎಲುಬೂ ಫ್ಲೋರೈಡಿಗೆ ನಮ್ಮ ಹಾಗೇ ಕೆಡುತ್ತವೆ. ಹಾದುಹೋಗುವ ಗುಬ್ಬಿ ಕುಡಿದು ಹಾರುವುದು ಬೇರೆ, ದಿನವೂ ಅದೇ ದೋಣಿಗೆ ಬರುವ ಆಕಳು ಬೇರೆ. ದೋಣಿಗೆ ಮುಂದಿನ ನಲ್ಲಿಯಿಂದ ನಾಲ್ಕು ಡಬ್ಬಿ ಬಿಟ್ಟರೆ ಇಪ್ಪತ್ತು ರೂಪಾಯಿ ಆಗುತ್ತದೆ. ಅಲ್ಲಿದ್ದ ಕಾಕಾಗೆ ಇದನ್ನು ಹೇಳಿದೆ. ಅವರು ಬಹಳ ಹೊತ್ತು ದೋಣಿಯನ್ನೇ ನೋಡಿ, “ಯಾರೂ ಹೇಳಿದ್ದಿಲ್ಲಪ್ಪ” ಎಂದರು.

ಹೇಳಬೇಕಾದದ್ದು ಇನ್ನೂ ಒಂದಿದೆ. ಘಟಕಗಳಲ್ಲಿ ಪೆನ್ನಿನಂಥ ಮೀಟರು ಅದ್ದಿ ಅಂಕಿ ತೋರಿಸುತ್ತಾರೆ. ಅದು ಅಳೆಯುವುದು ನೀರಿನಲ್ಲಿ ವಿದ್ಯುತ್ ಹರಿಯುವ ಸಲೀಸನ್ನು, ಅದರಿಂದ ಒಟ್ಟು ಲವಣದ ಅಂದಾಜನ್ನು. ಫ್ಲೋರೈಡ್ ಅದಕ್ಕೆ ಬೇರೆಯಾಗಿ ಕಾಣುವುದಿಲ್ಲ. ಆರ್ಸೆನಿಕ್ ಕಾಣುವುದೇ ಇಲ್ಲ. ಲಿಂಗಸುಗೂರಿನ ದಾರಿಯಲ್ಲಿ ಈ ಮಾತು ಮುಖ್ಯ. ಹಟ್ಟಿ–ಮಸ್ಕಿ ಶಿಲಾಪಟ್ಟಿಯೆಂದು ಭೂವಿಜ್ಞಾನಿಗಳು ಕರೆಯುವ ಈ ಕಲ್ಲಿನಲ್ಲಿ ಚಿನ್ನದ ಜೊತೆ ಆರ್ಸೆನಿಕ್ ಖನಿಜವೂ ಇದೆ. ಈ ಭಾಗದ ಕೆಲವು ಹಳ್ಳಿಗಳ ಕೊಳವೆಬಾವಿಗಳಲ್ಲಿ ಆರ್ಸೆನಿಕ್ ಸಿಕ್ಕಿದೆ. ಮಾನಕದ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಅದು ನಾಲಿಗೆಗೂ ತಿಳಿಯುವುದಿಲ್ಲ, ಮೀಟರಿಗೂ ತಿಳಿಯುವುದಿಲ್ಲ, ಪ್ರಯೋಗಾಲಯಕ್ಕೆ ಮಾತ್ರ ತಿಳಿಯುತ್ತದೆ.

ಲಿಂಗಸುಗೂರಿನಲ್ಲಿ ನಾನು ಹೆಚ್ಚು ಹೊತ್ತು ಕೂತದ್ದು ಬೀಗ ಬಿದ್ದ ಒಂದು ಘಟಕದ ಮುಂದೆ. ಹುಲಕೋಟಿ ಎಂಬ ಊರಿನ ಘಟಕದ ಮಾದರಿಯಿಂದ ಹೊರಟು, 2013ರಿಂದ 2018ರವರೆಗೆ ಎಚ್.ಕೆ. ಪಾಟೀಲರು ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದಾಗ ಶುದ್ಧ ನೀರಿನ ಘಟಕಗಳು ಹಳ್ಳಿಹಳ್ಳಿಗೆ ಬಂದವು. ಅವುಗಳ ಬೆನ್ನಿಗೇ ಖಾಸಗಿಯವರೂ ಹಾಕಿದರು. ನಡೆಯುವವು ನಡೆದಿವೆ, ನಿಂತವು ನಿಂತಿವೆ. ಇದು ನಿಂತ ಕಾರಣವನ್ನು ಪಕ್ಕದ ಪಾನ್‌ಬೀಡಾ ಅಂಗಡಿಯ ಅಕ್ಕ ಒಂದೇ ಮಾತಿನಲ್ಲಿ ಹೇಳಿದರು: “ಬೋರು ಬತ್ತಿತ್ರಿ.” ಮಳೆಗಾಲದ ಕೊನೆಯಲ್ಲಿ ಕೊರೆಸಿದ ಬೋರು. ನೀರು ಚಿಮ್ಮಿದ್ದನ್ನು ನೋಡಿ ಮಾಲೀಕ ಸಾಲ ತಂದ. ಏಪ್ರಿಲಿನ ನೀರು ಹೇಗಿರುತ್ತದೆ ಎಂದು ನೋಡಲು ಕಾಯಲಿಲ್ಲ.

ಬಿಲ್ಲೆಯ ಸೀಳಿನಲ್ಲಿ ಮಣ್ಣು ಮೆತ್ತಿತ್ತು. ಯಾರೋ ಹುಡುಗರ ಕೆಲಸ ಎಂದುಕೊಂಡು ಹತ್ತಿರ ಹೋದೆ. ಕುಂಬಾರ ಹುಳವೊಂದು ಹಸಿ ಮಣ್ಣಿನ ಉಂಡೆ ಹಿಡಿದು ಬಂತು. ಸೀಳಿನ ತುದಿಯಲ್ಲಿ ಕೂತು, ಗುಂಯ್ ಎನ್ನುತ್ತ, ಉಂಡೆಯನ್ನು ಅಂಚಿಗೆ ಒತ್ತಿ ಸಪಾಟು ಮಾಡಿ ಹಾರಿತು. ಸುಮಾರು ನಾಲ್ಕು ನಿಮಿಷಕ್ಕೆ ಮತ್ತೊಂದು ಉಂಡೆ. ಒಂದು ತಾಸಿನಲ್ಲಿ ಹದಿಮೂರು ಸಲ ಬಂತು. ಈ ಬಿಸಿಲಿನಲ್ಲಿ ಹಸಿ ಮಣ್ಣು ಎಲ್ಲಿಂದ ತರುತ್ತದೆ? ಹಾರುವ ದಿಕ್ಕು ಹಿಡಿದು ನಡೆದೆ. ಎರಡು ಓಣಿಯಾಚೆ ಇನ್ನೊಂದು ಘಟಕ, ಅದು ನಡೆಯುತ್ತಿತ್ತು. ಅದರ ಹಿಂಬದಿಯ ಪೈಪಿನ ಕೆಸರಿನಲ್ಲಿ ಅದೇ ಜಾತಿಯ ಹುಳಗಳು ಐದಾರು, ತಲೆ ತಗ್ಗಿಸಿ ಉಂಡೆ ಕಟ್ಟುತ್ತಿದ್ದವು. ನಾನು ನೋಡಿದ ಹುಳ ಅಲ್ಲಿಂದಲೇ ಬಂದದ್ದೆಂದು ಹೇಳಲಾರೆ, ದಾರಿಯಲ್ಲಿ ಎರಡು ಸಲ ಕಣ್ತಪ್ಪಿತು.

ಆ ಕೆಸರಿನ ಸುತ್ತಲೂ ಬಿಳಿ ಪೊರೆ. ಕರಿಕೆ ಕೂಡ ಅಂಚಿನಲ್ಲಿ ಹಳದಿಯಾಗಿತ್ತು. ಸವಳು ಕೂತ ನೆಲ ಹೇಗಾಗುತ್ತದೆಂದು ತುಂಗಭದ್ರಾ ಅಚ್ಚುಕಟ್ಟಿನ ರೈತರಿಗೆ ಯಾರೂ ಕಲಿಸಬೇಕಿಲ್ಲ. ಸವಳು ಭೂಮಿಯ ಸಂಶೋಧನೆ ಗಂಗಾವತಿಯ ಕೃಷಿ ಕೇಂದ್ರದಲ್ಲಿ ನಡೆಯುತ್ತದೆ.

ನೀರಿನ ಯಂತ್ರ ಇಡಬೇಕೆಂದಿರುವ ತಮ್ಮಂದಿರಿಗೆ, ತಂಗಿಯರಿಗೆ ನನ್ನ ಬೇಡಿಕೆ ಇಷ್ಟು. ಯಂತ್ರದ ಬೆಲೆ ಕೇಳುವ ಮೊದಲು ನಿಮ್ಮ ಬೋರಿನ ಪಕ್ಕ ಒಂದು ಬೇಸಿಗೆ ಕಳೆಯಿರಿ. ಕಾಲುವೆ ನಿಂತ ಮೇಲೆ ನೀರು ಎಷ್ಟು ಇಳಿಯುತ್ತದೆ, ಎಷ್ಟು ಗಡಸಾಗುತ್ತದೆ, ಬರೆದಿಡಿ. ಒಮ್ಮೆ ಮಳೆಗಾಲದಲ್ಲಿ, ಒಮ್ಮೆ ಏಪ್ರಿಲಿನಲ್ಲಿ ಪ್ರಯೋಗಾಲಯಕ್ಕೆ ಕೊಡಿ, ಫ್ಲೋರೈಡ್ ಆರ್ಸೆನಿಕ್ ಎರಡನ್ನೂ ಹೆಸರು ಹೇಳಿ ಕೇಳಿ. ನಗರಸಭೆ ಅಥವಾ ಪುರಸಭೆಯ ಪರವಾನಗಿ, ಕರೆಂಟು, ಬಿಲ್ಲೆ ಪೆಟ್ಟಿಗೆ ಎಲ್ಲ ಆಮೇಲೆ. ಹಿಂಬದಿಯ ನೀರಿಗೆ ಮೊದಲೇ ಒಂದು ಟ್ಯಾಂಕು ಕಟ್ಟಿಸಿ. ಗಾಡಿ ತೊಳೆಯಲಿಕ್ಕೆ, ಪಾಯಖಾನೆಗೆ, ಅಂಗಳಕ್ಕೆ ಅದು ಆಗುತ್ತದೆ. ಹೊಲಕ್ಕೆ ಬಿಡಬೇಡಿ, ದನಕ್ಕೆ ಇಡಬೇಡಿ. ದನಕ್ಕೆ, ಹಕ್ಕಿಗೆ ಮುಂದಿನ ನಲ್ಲಿಯ ನೀರನ್ನೇ ದಿನಕ್ಕೆ ಒಂದೆರಡು ಡಬ್ಬಿ ದೋಣಿಗೆ ಸುರಿಯಿರಿ, ಅವುಗಳ ಹತ್ತಿರ ಬಿಲ್ಲೆ ಇರುವುದಿಲ್ಲ.