ಮೂರೇ ಜನ, ಪೂರ್ತಿ ಹಾಡು: ಟ್ರಯೋ ಬ್ಯಾಂಡ್ ಕೇಳೋದು ಹೇಗೆ?

ಇವತ್ತಿನ ಎಪಿಸೋಡ್‌ಗೆ ಇಯರ್‌ಫೋನ್ ಬೇಕೇ ಬೇಕು, ಯಾಕಂತ ಮುಂದ ಹೇಳ್ತೀನಿ.

ನಮ್ಮ ಕಡೆ ಇದು ಹೊಸ ಕಥೆ ಅಲ್ಲ. ನಾಲ್ಕು ಜನ ಗೆಳೆಯರು ಕಾಲೇಜಿನಲ್ಲಿ ಬ್ಯಾಂಡ್ ಕಟ್ತಾರೆ. ಡಿಗ್ರಿ ಮುಗಿಯುತ್ತದೆ, ಒಬ್ಬನಿಗೆ ಬೆಂಗಳೂರಿನಲ್ಲಿ ಕೆಲಸ ಸಿಗುತ್ತದೆ. ಉಳಿದ ಮೂವರು, ಇನ್ನೇನು ಮಾಡೋದು ಬಿಡಪ್ಪ ಅಂತ ಗಿಟಾರ್ ಅಟ್ಟಕ್ಕೆ ಏರಿಸ್ತಾರೆ. ನಾನು ಹೇಳೋದು, ಅಲ್ಲಿ ನಿಲ್ಲಿಸಬ್ಯಾಡ್ರಿ. ಮೂರು ಜನ ಅಂದ್ರ ಅರ್ಧಂಬರ್ಧ ಬ್ಯಾಂಡ್ ಅಲ್ಲ, ಅದು ಬೇರೇನೇ ಥರದ ಬ್ಯಾಂಡ್.

ನಮ್ಮ ರಾಜ್ಯದಲ್ಲೇ ಉದಾಹರಣೆ ಐತಿ: ಬೆಂಗಳೂರಿನ 'ಥರ್ಮಲ್ ಅಂಡ್ ಎ ಕ್ವಾರ್ಟರ್'. 1996ರಲ್ಲಿ ಶುರುವಾದ ಇಂಡಿಪೆಂಡೆಂಟ್ ಬ್ಯಾಂಡ್. ಹೆಸರೇ ಒಂದು ಜೋಕು. ಆಗ ಇದ್ದವರಲ್ಲಿ ಮೂವರು ಮಲಯಾಳಿಗಳು, ಇನ್ನೊಬ್ಬರು ಕಾಲು ಭಾಗ ಮಲಯಾಳಿ. 'ತ್ರೀ ಮಲ್' ಸೇರಿ ಥರ್ಮಲ್, ಉಳಿದದ್ದು ಕ್ವಾರ್ಟರ್! ಮೊದಲು ಎರಡು ಗಿಟಾರ್ ಇದ್ದವು. ಮುಂದೆ ಅದು ಮೂವರ ಬ್ಯಾಂಡ್ ಆಯಿತು: ಗಿಟಾರ್ ಮತ್ತು ಹಾಡಿಗೆ ಬ್ರೂಸ್ ಲೀ ಮಣಿ, ಡ್ರಮ್ಸ್‌ಗೆ ರಾಜೀವ್ ರಾಜಗೋಪಾಲ್, ಬೇಸ್‌ಗೆ ಪ್ರಕಾಶ್. ಅವರು ನಿಲ್ಲಿಸಲಿಲ್ಲ. 2012ರಲ್ಲಿ 'ತ್ರೀ ವೀಲ್ಸ್ ನೈನ್ ಲೈವ್ಸ್' ಅಂತ ಮೂರು ಡಿಸ್ಕಿನ ಆಲ್ಬಮ್ ತಂದರು. ಮುಂದೆ ಬೇಸ್‌ಗೆ ಲೆಸ್ಲಿ ಚಾರ್ಲ್ಸ್, ಎರಡನೇ ಗಿಟಾರ್‌ಗೆ ಟೋನಿ ದಾಸ್ ಬಂದು ಮತ್ತೆ ನಾಲ್ವರಾದರು.

ಈಗ ಮೂರು ಜನರ ಸೌಂಡ್ ಹೆಂಗ ತುಂಬ್ತದ ನೋಡೋಣ. ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಒಂದೇ ರೈಲ್ವೆ ಲೈನಿನ ಊರುಗಳು. ರೈಲು ಹತ್ತಿ ಅವರ ಆಲ್ಬಮ್ ಹಾಕ್ರಿ.

ಹಾವೇರಿ ಬಿಟ್ಟಾಗ ಗಿಟಾರ್ ಒಂದನ್ನೇ ಹಿಂಬಾಲಿಸ್ರಿ. ದೊಡ್ಡ ಬ್ಯಾಂಡಿನಲ್ಲಿ ಒಬ್ಬ ಕಾರ್ಡ್ ಹಿಡಿದರೆ ಇನ್ನೊಬ್ಬ ಸೋಲೋ ನುಡಿಸ್ತಾನೆ. ಇಲ್ಲಿ ಎರಡೂ ಒಂದೇ ಕೈಯಲ್ಲಿ. ಮಣಿ ಅವರ ಗಿಟಾರ್‌ನಲ್ಲಿ ಜಾಝ್ ಕಾರ್ಡ್‌ಗಳು ಬರ್ತವೆ, ನಡುನಡುವೆ ಸಣ್ಣ ಸಣ್ಣ ಮೆಲೊಡಿ. ಅವರ ಹಾಡಿನಲ್ಲಿ ರಾಕ್, ಫಂಕ್, ಬ್ಲೂಸ್ ಎಲ್ಲ ಬೆರೆತಿದೆ. ಅದನ್ನು ಅವರೇ 'ಬೆಂಗಳೂರು ರಾಕ್' ಅಂತ ಕರೀತಾರೆ.

ಬ್ಯಾಡಗಿ ಬಂತು. ಈಗ ಬೇಸ್ ಕೇಳ್ರಿ. ನಮ್ಮ ಬ್ಯಾಡಗಿ ಮೆಣಸಿನಕಾಯಿ ಗೊತ್ತಲ್ಲ, ಖಾರ ಕಡಿಮೆ, ಬಣ್ಣ ಜಾಸ್ತಿ. ಬೇಸ್ ಕೆಲಸ ಥೇಟ್ ಅದೇ. ನಾಲಿಗೆಗೆ ಚುರುಕ್ ಅನ್ನಂಗಿಲ್ಲ, ಆದ್ರ ಅದು ಇಲ್ಲದಿದ್ರ ಸಾರಿಗೆ ಬಣ್ಣಾನೇ ಇಲ್ಲ. ಗಿಟಾರ್ ಸೋಲೋಗೆ ಹೋದಾಗ ಕಾರ್ಡ್ ಮಾಯವಾಗುತ್ತದೆ. ಆಗ ಹಾಡು ಯಾವ ಸ್ವರದ ಮೇಲೆ ನಿಂತಿದೆ ಅಂತ ತೋರಿಸೋದು ಬೇಸ್ ಒಂದೇ. ನಾಲ್ಕು ತಂತಿಯ ಬೇಸ್‌ನ ಅತಿ ಕೆಳಗಿನ ಸ್ವರ ಸುಮಾರು 41 ಹರ್ಟ್ಝ್. ಫೋನಿನ ಪುಟ್ಟ ಸ್ಪೀಕರ್‌ಗೆ ಅಷ್ಟು ಕೆಳಗೆ ಇಳಿಯೋಕೆ ಆಗಲ್ಲ. ಸ್ಪೀಕರ್‌ನಲ್ಲಿ ಟ್ರಯೋ ಕೇಳಿದ್ರ ಒಬ್ಬ ಸ್ಟೇಜ್ ಬಿಟ್ಟು ಹೋದಂಗ. ಅದಕ್ಕೇ ಇಯರ್‌ಫೋನ್ ಅಂದದ್ದು.

ರಾಣೇಬೆನ್ನೂರು ಬರೋ ಹೊತ್ತಿಗೆ ಡ್ರಮ್ಸ್. ಇಲ್ಲಿ ಡ್ರಮ್ಮರ್ ಬರೀ ತಾಳ ಹಾಕೋನಲ್ಲ. ಒಂದು ಸಾಲು ಮುಗಿದು ಇನ್ನೊಂದು ಶುರುವಾಗೋ ಮಧ್ಯದ ಜಾಗ ಅವನದ್ದು. ಎಲ್ಲಿ ತುಂಬಬೇಕು, ಎಲ್ಲಿ ಸುಮ್ಮನಿರಬೇಕು ಅನ್ನೋದೇ ಟ್ರಯೋ ಗುಟ್ಟು. ಆ ಖಾಲಿ ಜಾಗವೇ ನಾಲ್ಕನೇ ವಾದ್ಯ.

ಹೊರಗಿನ ಉದಾಹರಣೆ ಬೇಕಾದ್ರ ಲಂಡನ್ನಿನ 'ದಿ ಪೊಲೀಸ್'. 1977ರಲ್ಲಿ ಸ್ವಲ್ಪ ದಿನ ನಾಲ್ವರಿದ್ದು, ಆಮೇಲೆ ಮೂವರಾದರು. 1980ರಲ್ಲಿ ಮುಂಬೈಗೂ ಬಂದು ನುಡಿಸಿ ಹೋದರು. ಅವರ ಗಿಟಾರ್‌ನಲ್ಲಿ ಎಕೋ ಗಮನಿಸ್ರಿ, ಒಂದು ಸಲ ಮೀಟಿದ್ದು ಎರಡು ಮೂರು ಸಲ ಕೇಳ್ತದ.

ನಾನು ಕಾಮರ್ಸ್ ಓದಿದವ, ಲೆಕ್ಕ ಬಿಡಂಗಿಲ್ಲ. ಒಂದು ಶೋಗೆ 30,000 ರೂಪಾಯಿ ಸಿಕ್ತು ಅಂತ ಇಟ್ಕೊಳ್ರಿ. ಐದು ಜನಕ್ಕೆ ತಲೆಗೆ 6,000, ಮೂವರಿಗೆ 10,000. ಸಾಮಾನು ಸಮೇತ ಒಂದೇ ಕಾರಿನಲ್ಲಿ ಹೋಗಬಹುದು. ಪ್ರಾಕ್ಟೀಸ್‌ಗೆ ಮೂವರ ಟೈಮ್ ಹೊಂದಿದ್ರ ಸಾಕು. ಆದ್ರ ಒಬ್ಬನಿಗೆ ಜ್ವರ ಬಂದ್ರ ಶೋ ಕ್ಯಾನ್ಸಲ್, ಅದೂ ಲೆಕ್ಕದಲ್ಲಿರಲಿ. ಥರ್ಮಲ್‌ನವರು ಶೋ ದುಡ್ಡೊಂದನ್ನೇ ನಂಬಿ ಕೂರಲಿಲ್ಲ, ಬೆಂಗಳೂರಿನಲ್ಲಿ 'ಟಾಕಾಡೆಮಿ' ಅನ್ನೋ ಸಂಗೀತ ಶಾಲೆ ಕಟ್ಟಿದರು.

ಥರ್ಮಲ್ ಹಾಡೋದು ಇಂಗ್ಲಿಷ್‌ನಲ್ಲಿ, ಹೇಳೋದು ತಮ್ಮ ಊರಿನ ಕಥೆ. ನಮ್ಮ ಊರಿನ ಕಥೆ ಯಾರು ಹೇಳ್ತಾರ? ಶಿಶುನಾಳ ಇರೋದು ನಮ್ಮ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನಲ್ಲಿ. ಅಲ್ಲಿನ ಷರೀಫರ ತತ್ವಪದವನ್ನು ರಘು ದೀಕ್ಷಿತ್ ತಮ್ಮ 2008ರ ಆಲ್ಬಮ್‌ನಲ್ಲಿ ಗಿಟಾರ್ ಹಿಡಿದು ಹಾಡಿದರು, ಅದು ಊರೂರು ದಾಟಿ ಹೋಯಿತು. ಪದ ನಮ್ಮದು, ಬ್ಯಾಂಡ್ ಬೇರೆ ಊರಿನದು. ತಪ್ಪೇನಿಲ್ಲ. ಆದ್ರ ಪದ, ಬ್ಯಾಂಡ್ ಎರಡೂ ಇಲ್ಲಿಂದಲೇ ಹೊರಡಬಾರದು ಅಂತೇನಿಲ್ಲವಲ್ಲ.

ಹಂಗಾಗಿ ನಾಲ್ಕನೆಯವ ಬೆಂಗಳೂರು ಬಸ್ ಹತ್ತಿದನಾ? ಅವನಿಗೆ ಟಾಟಾ ಮಾಡ್ರಿ. ಸಂಜೆ ಉಳಿದ ಮೂವರು ಕೂತು, ಅವನ ಭಾಗ ಬಿಟ್ಟು ಹಾಡನ್ನು ಒಂದು ಸಲ ನುಡಿಸಿ ಫೋನಿನಲ್ಲೇ ರೆಕಾರ್ಡ್ ಮಾಡ್ರಿ. ಎಲ್ಲಿ ಖಾಲಿ ಅನಿಸ್ತದೋ ಅಲ್ಲಿಂದ ನಿಮ್ಮ ಸೌಂಡ್ ಶುರು. ಮುಂದಿನ ವಾರ ಸಿಗೋಣ.