ಚದುರಂಗದಿಂದ ಛಾಯಾಚಿತ್ರ

ಚಿತ್ರಕಾವ್ಯದ ಪ್ರಕಾರಗಳಲ್ಲಿ ತುರಗಬಂಧವೆಂಬುದೊಂದುಂಟು. 9ನೆಯ ಶತಮಾನದ ರುದ್ರಟನ ‘ಕಾವ್ಯಾಲಂಕಾರ’ದಲ್ಲಿ ಅದಕ್ಕೆ ಉದಾಹರಣೆ ದೊರೆಯುತ್ತದೆ. ಅರ್ಧ ಚದುರಂಗದ 32 ಮನೆಗಳಲ್ಲಿ ಅಕ್ಷರಗಳನ್ನಿಟ್ಟರೆ, ಸಾಲಾಗಿ ಓದಿದರೂ ಕುದುರೆಯ ನಡೆಯಲ್ಲಿ ಓದಿದರೂ ಅದೇ ಶ್ಲೋಕ! ಆಟದ ನಡೆಯಿಂದ ಪದ್ಯ ಹುಟ್ಟುವುದಾದರೆ ಚಿತ್ರವೇಕೆ ಹುಟ್ಟಬಾರದು? ಈಗ ಗಣಕಯಂತ್ರದ ನೆರವಿನಿಂದ ಅದನ್ನೂ ಮಾಡುತ್ತಾರೆ.

ವಿಧಾನ ಸುಲಭ. ಒಂದು ಛಾಯಾಚಿತ್ರವನ್ನು ಚದುರಂಗದ ಹಾಸಿನಂತೆ 64 ಚೌಕಗಳಾಗಿ ವಿಂಗಡಿಸಿ, ಮೊದಲು ಎಲ್ಲವನ್ನೂ ಕಪ್ಪಾಗಿಡುವುದು. ಬರೆದಿಟ್ಟ ಪಂದ್ಯವೊಂದನ್ನು ಯಂತ್ರಕ್ಕೆ ಓದಿಸಿ, ‘ಯಾವ ಮನೆಗೆ ಕಾಯಿ ಬಂದು ಕೂರುವುದೋ ಆ ಚೌಕವನ್ನು ಒಂದು ಮೆಟ್ಟಿಲು ಬೆಳಗಿಸು’ ಎಂದು ಆಜ್ಞೆ ಬರೆದುಕೊಡುವುದು. ಈ ಆಜ್ಞಾವಳಿಗೇ ಕೋಡ್ ಎಂದು ಹೆಸರು. ಒಂದೇ ಫಲಕದ ಮೇಲೆ ಮತ್ತೆ ಮತ್ತೆ ಬೆಳಕು ಬೀಳಿಸಿದ ಹಾಗೆ ಪಟ ಮೂಡುತ್ತದೆ. ಯಂತ್ರವಿಲ್ಲದವರು ಚೌಕುಳಿ ಕಾಗದದ ಮೇಲೆ ಪೆನ್ಸಿಲಿನಿಂದ ಎಣಿಸಬಹುದು. ನಾನೂ ಮೊದಲು ಹಾಗೆಯೇ ಮಾಡಿದೆ.

ನಾನು ಆರಿಸಿಕೊಂಡದ್ದು 1858ರಲ್ಲಿ ಪ್ಯಾರಿಸಿನ ಆಪೆರಾ ಮಂದಿರದಲ್ಲಿ ನಡೆದ ಪ್ರಸಿದ್ಧ ಪಂದ್ಯ. ಬಿಳಿಯ ಕಾಯಿಗಳಿಗೆ ಅಮೆರಿಕದ 21 ವರ್ಷದ ತರುಣ ಪಾಲ್ ಮಾರ್ಫಿ. ಕರಿಯ ಕಾಯಿಗಳಿಗೆ ಬ್ರನ್ಸ್‌ವಿಕ್ಕಿನ ಡ್ಯೂಕನೂ ಒಬ್ಬ ಕೌಂಟನೂ ಜೊತೆಗೂಡಿ. 17ನೆಯ ನಡೆಗೆ ಆಟ ಮುಗಿಯಿತು. ಮಾರ್ಫಿ ತನ್ನ ಮಂತ್ರಿಯನ್ನೇ ಬಿ-8ರಲ್ಲಿ ಬಲಿಗೊಟ್ಟು, ಮರುನಡೆಯಲ್ಲಿ ಆನೆಯನ್ನು ಡಿ-8ಕ್ಕೆ ನಡೆಸಿ ಶಹಮಾತ್ ಮಾಡಿದ.

ಈ ಪಂದ್ಯದ ಪಟದಲ್ಲಿ ಬೆಳಕು ಕಾಣುವುದು 20 ಚೌಕಗಳಲ್ಲಿ ಮಾತ್ರ. ಅಂಚಿನ ಎರಡು ಸಾಲುಗಳಲ್ಲಿ ಪೂರಾ ಕತ್ತಲೆ. ಎಲ್ಲಕ್ಕಿಂತ ಉಜ್ವಲವಾದುದು ಕರಿಯ ರಾಜನ ಮಗ್ಗುಲಲ್ಲಿರುವ ಡಿ-7; ಅಲ್ಲಿ ಐದು ಸಲ ಕಾಯಿ ಬಂದು ಕೂತಿದೆ. ಅದರ ನಂತರ ಬಿ-5, ನಾಲ್ಕು ಸಲ. ಹೊಡೆದಾಟ ನಡೆದದ್ದೆಲ್ಲಿ ಎಂದು ಆಟ ಬಾರದವನಿಗೂ ತಿಳಿಯುತ್ತದೆ. ಆದರೆ ಒಂದೂವರೆ ಶತಮಾನದಿಂದ ಜನ ಕೊಂಡಾಡುತ್ತಿರುವ ಆ ಮಂತ್ರಿಯ ಬಲಿದಾನ? ಬಿ-8ಕ್ಕೆ ಸಿಕ್ಕಿದ್ದು ಎರಡೇ ಮೆಟ್ಟಿಲು. ಇದು ಯಂತ್ರದ ತಪ್ಪಲ್ಲ. ನಾನು ಕೊಟ್ಟ ನಿಯಮ ಎಣಿಕೆಯನ್ನು ಬಲ್ಲದು, ಬೆಲೆಯನ್ನರಿಯದು.

ಆದುದರಿಂದ ನಿಯಮವನ್ನು ಬದಲಿಸಿದೆ. ಕಾಯಿ ಹೊಡೆದರೆ ಮಾತ್ರ ಬೆಳಕು, ಅದೂ ಹೊಡೆಸಿಕೊಂಡ ಕಾಯಿಯ ಬೆಲೆಯಷ್ಟು: ಕಾಲಾಳಿಗೆ 1, ಕುದುರೆ ಒಂಟೆಗಳಿಗೆ 3, ಆನೆಗೆ 5, ಮಂತ್ರಿಗೆ 9. ಈಗ ಡಿ-7ಕ್ಕೆ 16 ಮೆಟ್ಟಿಲು. ಬಿ-8 ಒಂಬತ್ತು ಮೆಟ್ಟಿಲೇರಿ ಎರಡನೆಯ ಸ್ಥಾನಕ್ಕೆ ಬಂದಿತು. ನನಗೆ ಹಿಗ್ಗೋ ಹಿಗ್ಗು. ಮತ್ತೆ ನೋಡುತ್ತೇನೆ, ಶಹಮಾತ್ ಆದ ಡಿ-8 ಕಪ್ಪಾಗಿಯೇ ಉಳಿದಿದೆ! ಅಲ್ಲಿ ಯಾರೂ ಯಾರನ್ನೂ ಹೊಡೆಯಲಿಲ್ಲವಷ್ಟೆ.