ಕುದುರೆಯ ನಾಲ್ಕು ಕಾಲುಗಳೂ ಒಂದು ಪಂತವೂ

ಕೆಲವು ವಾರಗಳ ಹಿಂದೆ ನಮ್ಮ ಭಾನುವಾರದ ಪುಟದ ಮೂಲೆಯಲ್ಲಿ ಉಳಿದಿದ್ದ ನಾಲ್ಕಂಗುಲ ಜಾಗವನ್ನು ತುಂಬುವುದಕ್ಕಾಗಿ ಒಂದು ಸಣ್ಣ ಸಂಗತಿಯನ್ನು ಅಚ್ಚು ಹಾಕಿಸಿದ್ದೆವು. ಓಡುವ ಕುದುರೆಯ ನಾಲ್ಕು ಕಾಲುಗಳೂ ಒಮ್ಮೆಗೇ ನೆಲ ಬಿಡುತ್ತವೆಂದು ಅಮೆರಿಕದ ಶ್ರೀಮಂತನೊಬ್ಬನು ೨೫,೦೦೦ ಡಾಲರುಗಳ ಪಂತ ಕಟ್ಟಿದನೆಂದೂ, ಮಯ್‌ಬ್ರಿಜ್ ಎಂಬ ಛಾಯಾಗ್ರಾಹಕನು ೨೪ ಕ್ಯಾಮರಾಗಳನ್ನು ಸಾಲಾಗಿ ನಿಲ್ಲಿಸಿ ಚಿತ್ರ ತೆಗೆದು ಆ ಪಂತವನ್ನು ಗೆಲ್ಲಿಸಿಕೊಟ್ಟನೆಂದೂ ಅದರ ಸಾರಾಂಶ. ಓದಲು ಸೊಗಸಾಗಿತ್ತು. ನಾಲ್ಕಾರು ಮಂದಿ ಮೆಚ್ಚಿಯೂ ಹೇಳಿದರು.

ಆಮೇಲೆ ಒಂದು ಕಾಗದ ಬಂದಿತು. ಬರೆದವರು ಹೋಟೆಲೊಂದರ ಗಲ್ಲೆಯ ಮೇಲೆ ಕುಳಿತುಕೊಳ್ಳುವವರು. “ಸ್ವಾಮೀ, ಆ ಪಂತ ಯಾರೊಡನೆ ಆಯಿತು? ಹಣವು ಯಾರ ಕೈಯಿಂದ ಯಾರ ಕೈಗೆ ಹೋಯಿತು? ನಮ್ಮಲ್ಲಿ ಹತ್ತು ರೂಪಾಯಿ ಹೆಚ್ಚುಕಡಿಮೆಯಾದರೂ ರಾತ್ರಿ ಬಾಗಿಲು ಹಾಕುವ ಮೊದಲು ಲೆಕ್ಕ ಹೇಳಬೇಕು. ತಾವು ಇಷ್ಟು ದೊಡ್ಡ ಮೊತ್ತಕ್ಕೆ ಲೆಕ್ಕವನ್ನೇ ಕೊಡಲಿಲ್ಲವಲ್ಲ!” ಎಂದು ಅವರು ಕೇಳಿದ್ದರು.

ಓದಿ ನಾಚಿಕೆಯಾಯಿತು. ಎಸ್.ಎಸ್.ಎಲ್.ಸಿ. ಮುಗಿಸಿ ಊರು ಬಿಟ್ಟು ಬಂದು, ಎಷ್ಟೋ ವರ್ಷ ಗಲ್ಲೆಯ ಮೇಲೆ ಕುಳಿತು, ಬಳಿಕ ಲೇಖನಿ ಹಿಡಿದವರು ನಾವು. ಚೀಟಿಯಿಲ್ಲದೆ ಒಂದು ಲೋಟ ಹಾಲಿನ ಖರ್ಚನ್ನೂ ಬರೆದುಕೊಳ್ಳದಿದ್ದ ಕೈ, ಪತ್ರಿಕೆಯಲ್ಲಿ ಪರದೇಶದ ಸಾವಿರಾರು ಡಾಲರುಗಳನ್ನು ಚೀಟಿಯಿಲ್ಲದೆಯೇ ಜಮಾ ಮಾಡಿತ್ತು. ಆದುದರಿಂದ ಪುಸ್ತಕಗಳನ್ನು ತೆರೆದು ಕುಳಿತೆವು. ಕಂಡುದನ್ನು ವಾಚಕರ ಮುಂದೆ ಇಡುವುದು ನಮ್ಮ ಕರ್ತವ್ಯವಾಗಿದೆ.

ಮೊದಲನೆಯ ತೊಡಕು ಹೆಸರಿನದೇ. ಈತನು ೧೮೩೦ನೆಯ ಇಸವಿ ಏಪ್ರಿಲ್ ೯ರಂದು ಇಂಗ್ಲೆಂಡಿನ ಥೇಮ್ಸ್ ನದೀತೀರದ ಕಿಂಗ್‌ಸ್ಟನ್ ಎಂಬ ಪಟ್ಟಣದಲ್ಲಿ ಹುಟ್ಟಿದನು. ತಾಯಿತಂದೆಗಳು ಇಟ್ಟ ಹೆಸರು ಎಡ್ವರ್ಡ್ ಜೇಮ್ಸ್ ಮಗರಿಜ್. ಇಪ್ಪತ್ತರ ಸುಮಾರಿನಲ್ಲಿ ಅಮೆರಿಕಕ್ಕೆ ವಲಸೆ ಹೋಗಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪುಸ್ತಕ ಮಾರುತ್ತಿದ್ದಾಗ ಮಯ್‌ಗ್ರಿಜ್ ಆದನು. ಛಾಯಾಗ್ರಾಹಕನಾದಾಗ ಮಯ್‌ಬ್ರಿಜ್ ಆದನು. ಕೆಲಕಾಲ ತನ್ನ ಚಿತ್ರಗಳಿಗೆ ‘ಹೀಲಿಯೋಸ್’, ಅಂದರೆ ಸೂರ್ಯ, ಎಂದು ಅಂಕಿತ ಹಾಕಿದನು. ನಡುವಯಸ್ಸು ದಾಟಿದ ಮೇಲೆ ಎಡ್ವರ್ಡ್ ಎಂಬುದನ್ನೂ ಹಳೆಯ ಸ್ಯಾಕ್ಸನ್ ಅರಸರ ಕಾಗುಣಿತದಲ್ಲಿ ಬರೆಯತೊಡಗಿದನು. ಇಷ್ಟೆಲ್ಲ ಶ್ರಮಪಟ್ಟು ಕಟ್ಟಿಕೊಂಡ ಹೆಸರು ಕೊನೆಗೆ ಏನಾಯಿತು? ೧೯೦೪ರ ಮೇ ೮ರಂದು ಆತನು ಹುಟ್ಟೂರಿನಲ್ಲಿಯೇ ತೀರಿಕೊಂಡನು. ವೋಕಿಂಗಿನಲ್ಲಿ ನಿಲ್ಲಿಸಿದ ಸ್ಮಾರಕ ಶಿಲೆಯ ಮೇಲೆ ಕಲ್ಲುಕುಟಿಗನು ‘ಮೇಬ್ರಿಜ್’ ಎಂದು ತಪ್ಪಾಗಿ ಕೆತ್ತಿದನು!

ಇದನ್ನು ಓದಿ ನಗುವ ಮೊದಲು ನಮ್ಮ ಕಡೆಗೇ ಒಮ್ಮೆ ನೋಡಿಕೊಳ್ಳಬೇಕು. ಶಾಲೆಯ ಸರ್ಟಿಫಿಕೇಟಿನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು, ಹೋಟೆಲಿನಲ್ಲಿ ಎಲ್ಲರೂ ಕೂಗುವುದು ಮತ್ತೊಂದು. ಹೀಗಿರುವವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ! ಪರಸ್ಥಳದಲ್ಲಿ ಬಾಳುವವನ ಹೆಸರು ಬೇರೆಯವರ ಲೇಖನಿಯಲ್ಲಿ ಸವೆಯುತ್ತದೆ. ಅದನ್ನು ಸರಿಯಾಗಿ ಬರೆಯುವುದೇ ಮೊದಲನೆಯ ಮರ್ಯಾದೆ.

ಇನ್ನು ಪಂತದ ವಿಷಯ. ಲೀಲ್ಯಾಂಡ್ ಸ್ಟ್ಯಾನ್‌ಫರ್ಡ್ ಎಂಬಾತನು ಕ್ಯಾಲಿಫೋರ್ನಿಯ ಸಂಸ್ಥಾನದ ಮಾಜಿ ಗವರ್ನರನು. ರೈಲ್ವೆ ಕಂಪೆನಿಯ ಅಧ್ಯಕ್ಷನು. ಮುಂದೆ ತನ್ನ ಕುಟುಂಬದ ಹೆಸರಿನ ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿದವನು. ಪಂದ್ಯದ ಕುದುರೆಗಳನ್ನು ಸಾಕಿ ಪಳಗಿಸುವುದರಲ್ಲಿ ಆತನಿಗೆ ಬಲು ಆಸಕ್ತಿ. ತನ್ನ ‘ಆಕ್ಸಿಡೆಂಟ್’ ಎಂಬ ಕುದುರೆಯು ಓಡುವ ಚಿತ್ರವನ್ನು ತೆಗೆಯಲು ೧೮೭೨ರಲ್ಲಿ ಮಯ್‌ಬ್ರಿಜ್‌ನನ್ನು ಕರೆಸಿದುದು ನಿಜ. ಕಾಲುಗಳು ನೆಲ ಬಿಡುತ್ತವೆಯೇ ಇಲ್ಲವೇ ಎಂಬ ಚರ್ಚೆ ಇದ್ದುದೂ ನಿಜ. ಆದರೆ ಹಣ ಕಟ್ಟಿದುದಕ್ಕೆ ಆ ಕಾಲದ ಬರಹಗಳಲ್ಲಿ ಆಧಾರವೊಂದೂ ಸಂಶೋಧಕರಿಗೆ ದೊರೆತಿಲ್ಲ. ಹೇಳುವವರು ಬದಲಾದಂತೆ ಮೊತ್ತವೂ ಬದಲಾಗುತ್ತದೆ. ಒಬ್ಬ ಧನಿಕನು ಕುತೂಹಲಕ್ಕಾಗಿ ವರ್ಷಗಟ್ಟಲೆ ಖರ್ಚು ಮಾಡಿದನೆಂದರೆ ಕೇಳುವವರಿಗೆ ರುಚಿಸದು. ಪಂತವೆಂದರೆ ಒಗ್ಗರಣೆ ಹಾಕಿದಂತಾಗುತ್ತದೆ.

ಕ್ಯಾಮರಾಗಳ ಲೆಕ್ಕದಲ್ಲಿಯೂ ನಾವು ತಪ್ಪಿದ್ದೆವು. ೧೮೭೮ರ ಜೂನ್ ತಿಂಗಳಿನಲ್ಲಿ, ಪಾಲೋ ಆಲ್ಟೋ ಎಂಬಲ್ಲಿ ಸ್ಟ್ಯಾನ್‌ಫರ್ಡನ ಕುದುರೆ ಓಡುವ ಹಾದಿಯ ಪಕ್ಕದಲ್ಲಿ ನಿಲ್ಲಿಸಿದ್ದುದು ೧೨ ಕ್ಯಾಮರಾಗಳು. ಹಾದಿಗೆ ಅಡ್ಡಲಾಗಿ ದಾರಗಳನ್ನು ಕಟ್ಟಿದ್ದರು. ಕುದುರೆಯು ಓಡಿಬಂದು ಒಂದೊಂದು ದಾರವನ್ನು ಹರಿದಂತೆಲ್ಲ ವಿದ್ಯುತ್ತಿನ ಬಲದಿಂದ ಒಂದೊಂದು ಕ್ಯಾಮರಾದ ಕಣ್ಣು ತೆರೆದು ಮುಚ್ಚಿತು. ಸ್ಯಾಲಿ ಗಾರ್ಡನರ್ ಎಂಬ ಹೆಣ್ಣು ಕುದುರೆಯ ಪ್ರಸಿದ್ಧ ಚಿತ್ರದ ಅಡಿಯಲ್ಲಿಯೇ ಜೂನ್ ೧೯ ಎಂಬ ದಿನಾಂಕವೂ, ಒಂದು ಚಿತ್ರಕ್ಕೂ ಇನ್ನೊಂದಕ್ಕೂ ೨೭ ಅಂಗುಲ ಅಂತರವೆಂಬ ವಿವರವೂ ಅಚ್ಚಾಗಿವೆ; ಎಣಿಸಿದರೆ ಚಿತ್ರಗಳು ಹನ್ನೆರಡೇ. ಇಪ್ಪತ್ತನಾಲ್ಕು ಕ್ಯಾಮರಾಗಳು ಬಂದುದು ಮರುವರ್ಷ, ೧೮೭೯ರಲ್ಲಿ. ಈ ಯಂತ್ರದ ಏರ್ಪಾಡಿನಲ್ಲಿ ಜಾನ್ ಐಸಾಕ್ಸ್ ಎಂಬ ರೈಲ್ವೆ ಇಂಜಿನಿಯರನ ಕೈವಾಡವೂ ಇತ್ತೆಂಬುದನ್ನು ಮರೆಯಬಾರದು.

ಚಿತ್ರಗಳು ತೋರಿಸಿದುದೇನು? ಕುದುರೆಯ ನಾಲ್ಕು ಕಾಲುಗಳೂ ನೆಲ ಬಿಡುವುದು ಸತ್ಯ. ಆದರೆ ನಾಗಾಲೋಟದಲ್ಲಿ ಅವು ನೆಲ ಬಿಡುವುದು ಚಿತ್ರಗಾರರು ಬರೆಯುತ್ತಿದ್ದಂತೆ ಮುಂದಕ್ಕೂ ಹಿಂದಕ್ಕೂ ಚಾಚಿದಾಗ ಅಲ್ಲ. ಹೊಟ್ಟೆಯ ಕೆಳಗೆ ಮಡಿಸಿಕೊಂಡಾಗ. ದಿನಬೆಳಗಾದರೆ ಕುದುರೆಯನ್ನು ನೋಡುತ್ತಿದ್ದ ಜನರೇ ನೂರಾರು ವರ್ಷ ಅದನ್ನು ತಪ್ಪಾಗಿ ಕಂಡಿದ್ದರು. ನಿಜವಾದ ಸೋಜಿಗವು ಇಲ್ಲಿದೆ. ಇದಕ್ಕೆ ಪಂತದ ಆಸರೆ ಬೇಕಾಗಿಲ್ಲ.

ಪರಿಶೀಲನೆಯೆಂದ ಮೇಲೆ ಹಿತವಲ್ಲದುದನ್ನೂ ಹೇಳಬೇಕಾಗುತ್ತದೆ. ೧೮೭೪ರ ಅಕ್ಟೋಬರ್ ೧೭ರಂದು ಮಯ್‌ಬ್ರಿಜ್‌ನು, ತನ್ನ ಹೆಂಡತಿಯೊಡನೆ ಸಂಬಂಧವಿಟ್ಟುಕೊಂಡಿದ್ದ ಹ್ಯಾರಿ ಲಾರ್ಕಿನ್ಸ್ ಎಂಬವನನ್ನು ಹುಡುಕಿಕೊಂಡು ಹೋಗಿ ಗುಂಡಿಟ್ಟು ಕೊಂದನು. ಹುಚ್ಚನೆಂಬ ಕಾರಣದಿಂದ ನ್ಯಾಯಾಲಯವು ಆತನನ್ನು ಬಿಟ್ಟಿತೆಂದು ಕೆಲವರು ಬರೆಯುತ್ತಾರೆ. ಇದೂ ಸರಿಯಲ್ಲ. ೧೮೬೦ರಲ್ಲಿ ಕುದುರೆಗಾಡಿ ಉರುಳಿ ತಲೆಗೆ ಪೆಟ್ಟಾಗಿದ್ದುದರಿಂದ ಬುದ್ಧಿ ಕೆಟ್ಟಿತ್ತೆಂದು ವಕೀಲರು ವಾದಿಸಿದುದು ಹೌದು. ಜ್ಯೂರಿಯವರು ಆ ವಾದವನ್ನು ಒಪ್ಪಲಿಲ್ಲ. ಅಂತಹ ಸಂದರ್ಭದಲ್ಲಿ ಗಂಡನು ಹಾಗೆ ಮಾಡಿದುದು ಸಮರ್ಥನೀಯವೆಂದು ಭಾವಿಸಿ ೧೮೭೫ರ ಫೆಬ್ರವರಿಯಲ್ಲಿ ಬಿಡುಗಡೆ ಮಾಡಿದರು. ಅದೇ ವರ್ಷ ಆ ಹೆಂಡತಿಯೂ ಕಾಯಿಲೆಯಿಂದ ತೀರಿಕೊಂಡಳು. ಮಗುವು ಅನಾಥಾಲಯ ಸೇರಿತು. ಆ ತೀರ್ಪನ್ನು ಇಂದು ನಾವು ಮೆಚ್ಚಲಾರೆವು. ದೊಡ್ಡ ಕೆಲಸ ಮಾಡಿದವನ ಎಲ್ಲ ಕೆಲಸವೂ ದೊಡ್ಡದಾಗಿರಬೇಕೆಂದಿಲ್ಲ. ಕಲೆಗಾರನ ಕೀರ್ತಿಗಾಗಿ ಕೊಲೆಯನ್ನು ಮುಚ್ಚಿಡುವುದೂ, ಕೊಲೆಯ ಸ್ವಾರಸ್ಯಕ್ಕಾಗಿ ಕಲೆಯನ್ನು ಮರೆಯುವುದೂ ಎರಡೂ ಸುಳ್ಳು ಲೆಕ್ಕಗಳೇ.

ಆತನಿಗೆ ಆದ ಅನ್ಯಾಯವನ್ನೂ ಹೇಳಬೇಕು. ೧೮೮೨ರಲ್ಲಿ ಸ್ಟ್ಯಾನ್‌ಫರ್ಡನ ಆಶ್ರಯದಲ್ಲಿ ಡಾಕ್ಟರ್ ಸ್ಟಿಲ್‌ಮನ್ ಎಂಬವರು ಕುದುರೆಯ ಚಲನೆಯನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದರು. ಚಿತ್ರಗಳ ಮೂಲ ಮಯ್‌ಬ್ರಿಜ್‌ನದು. ಗ್ರಂಥದ ಮುಖಪುಟದಲ್ಲಿ ಆತನ ಹೆಸರೇ ಇಲ್ಲ. ಆಗ ಲಂಡನ್ನಿನ ರಾಯಲ್ ಸೊಸೈಟಿಯವರು ಆತನ ಪ್ರಬಂಧವನ್ನು ಅಚ್ಚು ಮಾಡುವುದನ್ನು ನಿಲ್ಲಿಸಿದರು. ಹೂಡಿದ ದಾವೆಯಲ್ಲಿಯೂ ಸೋಲಾಯಿತು. ಅಡುಗೆ ಮಾಡಿದವನು ಒಳಗೆ ಬೆಂಕಿಯ ಮುಂದೆ, ಬೋರ್ಡಿನ ಮೇಲೆ ಧಣಿಯ ಹೆಸರು. ಈ ವ್ಯವಸ್ಥೆಯನ್ನು ನಮ್ಮ ವಾಚಕರಿಗೆ ವಿವರಿಸಿ ಹೇಳಬೇಕಾಗಿಲ್ಲ. ಧಣಿಯಾಗಿದ್ದವರಾದ ನಮಗೂ ಈ ಮಾತು ತಟ್ಟದೆ ಹೋಗಲಿಲ್ಲ. ಆದರೆ ಆತನು ಕುಗ್ಗಲಿಲ್ಲ. ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದಲ್ಲಿ ಹೊಸದಾಗಿ ಕೆಲಸವನ್ನು ಆರಂಭಿಸಿ, ೧೮೮೭ರಲ್ಲಿ ಮನುಷ್ಯರ ಮತ್ತು ಪ್ರಾಣಿಗಳ ಚಲನೆಯನ್ನು ತೋರಿಸುವ ೭೮೧ ಫಲಕಗಳ ಮಹಾಸಂಪುಟವನ್ನು ತನ್ನ ಹೆಸರಿನಲ್ಲಿಯೇ ಹೊರತಂದನು.

ಆತನನ್ನು ಸಿನಿಮಾದ ಜನಕನೆನ್ನುವವರೂ ಇದ್ದಾರೆ. ೧೮೭೯ರಲ್ಲಿ ಆತನು ರಚಿಸಿದ ಯಂತ್ರದಲ್ಲಿ ಗಾಜಿನ ತಟ್ಟೆಗಳನ್ನು ತಿರುಗಿಸಿ ಪರದೆಯ ಮೇಲೆ ಕುದುರೆಯನ್ನು ಓಡಿಸುತ್ತಿದ್ದುದು ಸತ್ಯ. ಆದರೆ ಆ ತಟ್ಟೆಗಳ ಮೇಲಿದ್ದುವು ಛಾಯಾಚಿತ್ರಗಳನ್ನು ನೋಡಿ ಕೈಯಿಂದ ಬರೆದ ಚಿತ್ರಗಳು. ದಾರಿ ತೋರಿದನೆನ್ನಬಹುದು; ಮನೆ ಕಟ್ಟಿದವರು ಬೇರೆ. ಫ್ರಾನ್ಸಿನ ಲ್ಯೂಮಿಯೇರ್ ಸಹೋದರರ ಚಲಚ್ಚಿತ್ರಗಳು ೧೮೯೬ರ ಜುಲೈ ೭ರಂದು ನಮ್ಮ ಮುಂಬಯಿಗೂ ಬಂದುವು. ಅವುಗಳನ್ನು ತೋರಿಸಿದುದು ನಾಟಕಶಾಲೆಯಲ್ಲಲ್ಲ, ವಾಟ್ಸನ್ ಹೋಟೆಲಿನಲ್ಲಿ. ಹೋಟೆಲಿನವರಾದ ನಾವು ಇಷ್ಟಕ್ಕೆ ಹೆಮ್ಮೆಪಟ್ಟರೆ ಯಾರೂ ಆಕ್ಷೇಪಿಸಲಾರರು.

ಇಷ್ಟು ಹುಡುಕಿದ ಮೇಲೆ ನಮ್ಮ ತಿದ್ದುಪಡಿ ಹೀಗಿದೆ: ಕ್ಯಾಮರಾಗಳು ೨೪ ಅಲ್ಲ, ೧೨. ಪಂತಕ್ಕೆ ಪುರಾವೆಯಿಲ್ಲ. ಅಚ್ಚಿನ ಅಕ್ಷರಕ್ಕೆ ನಮ್ಮ ಜನರು ಕೊಡುವ ಗೌರವ ದೊಡ್ಡದು. ದುಡಿದು ದಣಿದು ರಾತ್ರಿ ಹನ್ನೊಂದಕ್ಕೆ ಪತ್ರಿಕೆಯನ್ನು ಬಿಡಿಸುವವನು ಅದನ್ನು ನಂಬಿಯೇ ಓದುತ್ತಾನೆ. ಮರುದಿನ ನಾಲ್ವರಿಗೆ ಹೇಳುತ್ತಾನೆ. ಆ ನಂಬಿಕೆಗೆ ಕಲಬೆರಕೆ ಬಡಿಸುವುದು ಹಳಸಿದ ಸಾಂಬಾರನ್ನು ಬಡಿಸಿದುದಕ್ಕಿಂತ ಕೆಟ್ಟದು.

ಕಾಗದ ಬರೆದ ಮಹನೀಯರಿಗೆ ನಮ್ಮ ವಂದನೆಗಳು. ತಮ್ಮ ಪ್ರಶ್ನೆಗೆ ಉತ್ತರವಿಷ್ಟೇ: ಆ ೨೫,೦೦೦ ಡಾಲರು ಯಾರ ಕೈಗೂ ಹೋದಂತೆ ಕಾಣುವುದಿಲ್ಲ. ಬಾರದ ಹಣವನ್ನು ಜಮಾ ಬರೆದವರು ನಾವು, ಈಗ ಹೊಡೆದುಹಾಕಿದ್ದೇವೆ.